ನಾಗದೀಪಕ್ಕೆ ಹೋಗುವ ಮುನ್ನ

ಪ್ರಶ್ನೆ: ಬರುವ ಫೆಬ್ರವರಿಯಲ್ಲಿ ನಾವು ಶ್ರೀಲಂಕಾದ ಜಾಫ್ನಾಕ್ಕೆ ಹೋಗುವವರಿದ್ದೇವೆ. ಅಲ್ಲಿಂದ ದೋಣಿಯಲ್ಲಿ ನಾಗದೀಪ ದ್ವೀಪಕ್ಕೆ ಹೋಗಿ ಬೌದ್ಧ ವಿಹಾರವನ್ನು ನೋಡುವ ಆಸೆಯಿದೆ. ನಾವು ಬೌದ್ಧರಲ್ಲ. ಅಲ್ಲಿ ಹೇಗೆ ನಡೆದುಕೊಳ್ಳಬೇಕು? ವಯಸ್ಸಾದ ಅತ್ತೆಯವರನ್ನು ಕರೆದೊಯ್ಯಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಖಂಡಿತ ಹೋಗಿಬನ್ನಿ, ಬೌದ್ಧರಲ್ಲದವರಿಗೂ ಅಲ್ಲಿ ಪ್ರವೇಶವಿದೆ. ಬುದ್ಧನು ಜ್ಞಾನೋದಯವಾದ ಐದನೆಯ ವರ್ಷದಲ್ಲಿ ಈ ದ್ವೀಪಕ್ಕೆ ಬಂದು, ರತ್ನಖಚಿತ ಪೀಠವೊಂದಕ್ಕಾಗಿ ಯುದ್ಧಕ್ಕೆ ನಿಂತಿದ್ದ ಮಹೋದರ ಮತ್ತು ಚೂಲೋದರ ಎಂಬ ನಾಗರಾಜರನ್ನು, ಅಂದರೆ ಸೋದರಮಾವ ಮತ್ತು ಅಳಿಯನನ್ನು, ಸಮಾಧಾನಪಡಿಸಿದನೆಂದು ಶ್ರೀಲಂಕಾದ ಪ್ರಾಚೀನ ಪಾಲಿ ಇತಿಹಾಸಕಾವ್ಯ ‘ಮಹಾವಂಸ’ ಹೇಳುತ್ತದೆ. ಆದ್ದರಿಂದಲೇ ಶ್ರೀಲಂಕಾದ ಬೌದ್ಧರು ತಮ್ಮ ಹದಿನಾರು ಪವಿತ್ರ ಕ್ಷೇತ್ರಗಳಲ್ಲಿ ಇದನ್ನೂ ಎಣಿಸುತ್ತಾರೆ. ಬೈಲುಕುಪ್ಪೆಯ ಟಿಬೆಟನ್ ಬೌದ್ಧರ ಸ್ವರ್ಣಮಂದಿರದಂಥ ವೈಭವವನ್ನು ಮಾತ್ರ ನಿರೀಕ್ಷಿಸಬೇಡಿ. ಇಲ್ಲಿಯದು ಥೇರವಾದ, ಅಂದರೆ ಶ್ರೀಲಂಕಾದಲ್ಲಿ ಪ್ರಚಲಿತವಿರುವ ಬೌದ್ಧ ಸಂಪ್ರದಾಯ; ಬಿಳಿಯ ಸ್ತೂಪ ಮತ್ತು ಬುದ್ಧನ ಪ್ರತಿಮೆಯೇ ಅದರ ಕೇಂದ್ರ.

ಭುಜ ಮತ್ತು ಮೊಣಕಾಲು ಮುಚ್ಚುವ, ಸಾಧ್ಯವಾದರೆ ಬಿಳಿಯ, ಉಡುಪು ಧರಿಸಿ. ಪಾದರಕ್ಷೆ, ಟೋಪಿಗಳನ್ನು ಹೊರಗೇ ಬಿಡಬೇಕು; ಮಧ್ಯಾಹ್ನ ನೆಲ ಸುಡುವುದರಿಂದ ಬೆಳಿಗ್ಗೆ ಬೇಗ ತಲುಪುವುದು ಒಳ್ಳೆಯದು. ಅರ್ಪಿಸುವ ಹೂವನ್ನು ಮೂಸಬಾರದೆಂಬ ನಿಯಮ ನಮ್ಮವರಿಗೆ ಹೊಸದೇನಲ್ಲ. ನಮ್ಮ ಪ್ರವಾಸಿಗರು ಹೆಚ್ಚಾಗಿ ತಪ್ಪುವುದು ಫೋಟೋ ತೆಗೆಯುವಾಗ: ಬುದ್ಧನ ಪ್ರತಿಮೆಗೆ ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆದುಕೊಳ್ಳುವುದನ್ನು ಶ್ರೀಲಂಕಾದಲ್ಲಿ ಅಗೌರವವೆಂದೇ ಭಾವಿಸುತ್ತಾರೆ. ಅಲ್ಲಿ ಕೈಮುಗಿದು ಕುಳಿತವರು ಬಹಳ ದೂರದಿಂದ ಬಂದ ಯಾತ್ರಿಕರು ಎಂಬುದನ್ನು ದಯವಿಟ್ಟು ನೆನಪಿಡಿ.

ಇದೇ ದ್ವೀಪವನ್ನು ತಮಿಳರು ನೈನಾತೀವು ಎನ್ನುತ್ತಾರೆ, ಮತ್ತು ವಿಹಾರದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಅವರ ನಾಗಪೂಷಣಿ ಅಮ್ಮನ ಕೋವಿಲ್, ಅಂದರೆ ಹಿಂದೂ ದೇವಸ್ಥಾನ, ಇದೆ. ಒಂದನ್ನು ಮಾತ್ರ ನೋಡಿ ಮರಳಿದರೆ ದ್ವೀಪವನ್ನು ಅರ್ಧವಷ್ಟೇ ನೋಡಿದಂತೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೋವಿಲ್‌ನೊಳಗೆ ಗಂಡಸರು ಅಂಗಿ ಕಳಚಬೇಕು. ಹನ್ನೆರಡನೆಯ ಶತಮಾನದ ಸಿಂಹಳ ದೊರೆ ಒಂದನೆಯ ಪರಾಕ್ರಮಬಾಹು ತಮಿಳಿನಲ್ಲಿ ಬರೆಸಿದ ಶಾಸನವೊಂದು ಇಲ್ಲಿ ದೊರೆತಿದೆ: ಆನೆ, ಕುದುರೆ ಹೊತ್ತ ಹಡಗು ಒಡೆದರೆ ನಾಲ್ಕನೆಯ ಒಂದು ಭಾಗ, ಸರಕಿನ ಹಡಗು ಒಡೆದರೆ ಅರ್ಧ ಭಾಗ ಬೊಕ್ಕಸಕ್ಕೆ, ಉಳಿದದ್ದು ಮಾಲೀಕನಿಗೆ ಎಂದು ಅದು ವಿಧಿಸುತ್ತದೆ. ಸಿಂಹಳ ದೊರೆಯೇ ತಮಿಳಿನಲ್ಲಿ ಆಜ್ಞೆ ಹೊರಡಿಸಿದ ಈ ಕಡಲ ದಾರಿಯಲ್ಲಿ ಎರಡು ಭಾಷೆಗಳ, ಎರಡು ಧರ್ಮಗಳ ಜನ ಎಷ್ಟು ಹಿಂದಿನಿಂದ ಓಡಾಡುತ್ತಿದ್ದಾರೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಪ್ರಯಾಣ. ಜಾಫ್ನಾ ಪಟ್ಟಣದಿಂದ ಸಮುದ್ರದ ನಡುವಿನ ಏರಿರಸ್ತೆಗಳ ಮೂಲಕ ಪುಂಗುಡುತೀವು ದ್ವೀಪದ ಕುರಿಕಟ್ಟುವಾನ್ ಧಕ್ಕೆಗೆ ಬಸ್ ಅಥವಾ ಕಾರಿನಲ್ಲಿ ಹೋಗಿ, ಅಲ್ಲಿಂದ ದೋಣಿ ಹಿಡಿಯಬೇಕು. ಕಡಲಪಯಣ ಸುಮಾರು ಇಪ್ಪತ್ತು ನಿಮಿಷದ್ದು. ಫೆಬ್ರವರಿ ಒಳ್ಳೆಯ ಆಯ್ಕೆ, ಏಕೆಂದರೆ ಆ ಭಾಗದಲ್ಲಿ ಮಳೆ ಜೋರಾಗಿರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆದರೆ ಹುಣ್ಣಿಮೆಯ ದಿನ ಬೇಡ. ಅದು ಅಲ್ಲಿ ಸಾರ್ವಜನಿಕ ರಜೆ, ಯಾತ್ರಿಕರ ನೂಕುನುಗ್ಗಲು ಹೆಚ್ಚು.

ಅತ್ತೆಯವರ ವಿಷಯದಲ್ಲಿ ದೂರಕ್ಕಿಂತ ದೋಣಿ ಹತ್ತುವುದೇ ಕಷ್ಟ. ಧಕ್ಕೆಯಿಂದ ಅಲುಗಾಡುವ ದೋಣಿಗೆ ಕಾಲಿಟ್ಟು, ಬಾಗಿ ಒಳಗಿಳಿದು ಕುಳಿತುಕೊಳ್ಳಬೇಕಾಗಬಹುದು. ಮಂಡಿನೋವು ತೀವ್ರವಾಗಿದ್ದರೆ ಒತ್ತಾಯಿಸಬೇಡಿ. ಅವರು ಬರುವುದಾದರೆ ಇಬ್ಬರು ಕೈಹಿಡಿದು ಹತ್ತಿಸಿ, ಎಲ್ಲರೂ ಜೀವರಕ್ಷಕ ಜಾಕೆಟ್ ಕೇಳಿ ಧರಿಸಿ, ದ್ವೀಪದಲ್ಲಿ ಇಳಿದ ಕೂಡಲೇ ಮರಳುವ ಕೊನೆಯ ದೋಣಿಯ ಸಮಯವನ್ನು ವಿಚಾರಿಸಿಕೊಳ್ಳಿ.