ಸ್ತಾನ್ ದೇಶಗಳ ರಾಜಧಾನಿಗಳು ಕಲಸಿಹೋಗುತ್ತಿದ್ದರೆ

ಪರೀಕ್ಷೆಗೆ ಓದುವಾಗ ಈ ರಾಜಧಾನಿಗಳು ಕಲಸಿಹೋಗುತ್ತವೆ, ಒಂದರ ಹೆಸರಂತೂ ಎರಡು ಪುಸ್ತಕಗಳಲ್ಲಿ ಬೇರೆ ಬೇರೆ ಇದೆ ಎಂದು ಕೇಳಿದ್ದೀರಿ. ಮಧ್ಯ ಏಷ್ಯಾದ ಐದು ‘ಸ್ತಾನ್’ಗಳನ್ನೂ ಪಕ್ಕದ ಕಾಕಸಸ್‌ನ ಮೂರು ದೇಶಗಳನ್ನೂ ಒಂದೇ ಪಟ್ಟಿಯಲ್ಲಿ ಬಾಯಿಪಾಠ ಮಾಡಿದ್ದೇ ಕಾರಣ ಇರಬೇಕು. ಹೆಸರುಗಳು ಒಂದೇ ಥರ ಕೇಳಿಸುತ್ತವೆ, ಅಲ್ವಾ? ಪಟ್ಟಿ ಬದಿಗಿಡಿ. ಖಾಲಿ ನಕ್ಷೆಯಲ್ಲಿ ಮೊದಲು ಕ್ಯಾಸ್ಪಿಯನ್ ಸಮುದ್ರ ಗುರುತಿಸಿ.

ಮೊದಲ ದಿನ ಅದರ ಪಶ್ಚಿಮ ಮಾತ್ರ. ಅಜರ್‌ಬೈಜಾನ್‌ನ ಬಾಕು ದಡದಲ್ಲೇ ಇದೆ. ಆಮೇಲೆ ಜಾರ್ಜಿಯಾದ ಟಿಬಿಲಿಸಿ, ಅರ್ಮೇನಿಯಾದ ಯೆರೆವಾನ್.

ಮರುದಿನ ಪೂರ್ವ. ಉಜ್ಬೇಕಿಸ್ತಾನದ ತಾಷ್ಕೆಂಟ್‌ನಿಂದ ಶುರು ಮಾಡಿ. 1966ರಲ್ಲಿ ಶಾಸ್ತ್ರೀಜಿ ತೀರಿಕೊಂಡ ಊರು, ನಮಗೆ ಮರೆಯುವುದಿಲ್ಲ. ಮಿಕ್ಕ ನಾಲ್ಕೂ ‘ಸ್ತಾನ್’ಗಳು ಉಜ್ಬೇಕಿಸ್ತಾನಕ್ಕೆ ಅಂಟಿಕೊಂಡೇ ಇವೆ: ಉತ್ತರಕ್ಕೆ ಕಜಕಿಸ್ತಾನ (ಅಸ್ತಾನಾ), ಪೂರ್ವಕ್ಕೆ ಕಿರ್ಗಿಸ್ತಾನ (ಬಿಷ್ಕೆಕ್), ಆಗ್ನೇಯಕ್ಕೆ ತಜಿಕಿಸ್ತಾನ (ದುಶಾಂಬೆ), ನೈಋತ್ಯಕ್ಕೆ ತುರ್ಕಮೆನಿಸ್ತಾನ (ಅಶ್ಗಾಬಾತ್). ದುಶಾಂಬೆ ಅಂದರೆ ತಜಿಕ್ ಭಾಷೆಯಲ್ಲಿ ಸೋಮವಾರ. ಸೋಮವಾರದ ಸಂತೆಯಿಂದ ಬಂದ ಹೆಸರು. ಕೊಡಗಿನ ಸೋಮವಾರಪೇಟೆ ನೆನೆಸಿಕೊಳ್ಳಿ, ಸಾಕು.

ಒಂದು ಪುಸ್ತಕದಲ್ಲಿ ಅಸ್ತಾನಾ, ಇನ್ನೊಂದರಲ್ಲಿ ನೂರ್-ಸುಲ್ತಾನ್ ಅಂತ ಇದೆ ಎಂದಿರಲ್ಲ, ಎರಡೂ ಒಂದೇ ಊರು. 2019ರಲ್ಲಿ ಹೆಸರು ಬದಲಾಯಿತು, 2022ರಲ್ಲಿ ಮತ್ತೆ ಅಸ್ತಾನಾ ಆಯಿತು. ಪರೀಕ್ಷೆಯಲ್ಲಿ ಅಸ್ತಾನಾ ಬರೆಯಿರಿ.

ಮೂರನೇ ದಿನ ಹೊಸ ಖಾಲಿ ನಕ್ಷೆಯಲ್ಲಿ ಎಂಟನ್ನೂ ತುಂಬಿಸಿ. ತಪ್ಪಿದ್ದನ್ನು ಮಾತ್ರ ಮತ್ತೆ ಬರೆಯಿರಿ. ಮೂರೇ ದಿನ ಸಾಕಾಗುತ್ತದೋ ಹೇಳಲಾರೆ. ನನಗೆ ಬಿಷ್ಕೆಕ್ ಸುಮ್ನೆ ಒಂದು ವಾರ ಕಾಡಿತ್ತು.