ಹಳೆಯ ಮೈಕ್ರೋವೇವ್ ಓವನ್‌ನಿಂದ ವಿಕಿರಣ ಸೋರುತ್ತದೆಯೇ? ಅಮೆರಿಕದ ಸರ್ಕಾರ ಪರೀಕ್ಷಿಸಿದ್ದು ಎಂದು ನಂಬಬಹುದೇ?

ನ್ಯೂಜೆರ್ಸಿಯ ಬಾಡಿಗೆ ಮನೆಯಲ್ಲಿ ಹಿಂದಿನವರು ಬಿಟ್ಟುಹೋದ ಓವನ್ ಇದೆ, ಅದರ ಹಿಂಭಾಗದ ಲೇಬಲ್ಲಿನಲ್ಲಿ ಸರ್ಕಾರದ ವಿಕಿರಣ ಮಾನದಂಡಕ್ಕೆ ಬದ್ಧ ಎಂದು ಬರೆದಿದೆ, ಮೂರು ವರ್ಷದ ಮಗಳು ಅದರ ಗಾಜಿಗೆ ಮೂಗು ಒತ್ತಿಕೊಂಡು ನಿಲ್ಲುತ್ತಾಳೆ, ಆ ಬರಹವನ್ನು ನಂಬಬಹುದೇ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಮನೆಬಳಕೆಯ ಉಪಕರಣಗಳ ಸುರಕ್ಷತೆ ಪರೀಕ್ಷಿಸುವವನು. ಅಮೆರಿಕಕ್ಕೆ ಹೋಗುವ ಸರಕೂ ನಮ್ಮಲ್ಲಿಗೆ ಬರುವುದರಿಂದ ಅಲ್ಲಿನ ನಿಯಮಗಳ ಜೊತೆ ನನಗೆ ಒಡನಾಟ ಇದೆ.

ಮೊದಲು ಲೇಬಲ್ಲಿನ ವಿಷಯ. ಅದನ್ನು ಅಂಟಿಸಿದ್ದು ಸರ್ಕಾರವಲ್ಲ, ಓವನ್ ತಯಾರಿಸಿದ ಕಂಪನಿ. ಅಮೆರಿಕದಲ್ಲಿ ಈ ಜವಾಬ್ದಾರಿ ಇರುವುದು ಎಫ್‌ಡಿಎ ಬಳಿ, ಅಂದರೆ ಔಷಧಿ ಮತ್ತು ಆಹಾರವನ್ನು ನೋಡಿಕೊಳ್ಳುವ ಅದೇ ಸಂಸ್ಥೆಯ ಬಳಿ. ಆದರೆ ಔಷಧಿಗೆ ಕೊಡುವಂತೆ ಓವನ್‌ಗೆ ಅದು ಮುಂಚಿತ ಅನುಮೋದನೆ ಕೊಡುವುದಿಲ್ಲ. ಕಂಪನಿಯೇ ಪರೀಕ್ಷೆ ಮಾಡಬೇಕು, ವರದಿ ಸಲ್ಲಿಸಬೇಕು, ದಾಖಲೆ ಇಟ್ಟುಕೊಳ್ಳಬೇಕು, ತಾನೇ ಪ್ರಮಾಣೀಕರಿಸಬೇಕು. ದಾಖಲೆ ತಪಾಸಣೆ ಮಾಡುವ, ಮಾದರಿ ತರಿಸಿ ಅಳೆಯುವ, ಬಂದರಿನಲ್ಲೇ ಸರಕು ತಡೆಯುವ ಅಧಿಕಾರ ಎಫ್‌ಡಿಎಗೆ ಇದೆ. ದೋಷ ಸಾಬೀತಾದರೆ ಕಂಪನಿ ಗ್ರಾಹಕರಿಗೆ ತಿಳಿಸಿ, ಖರ್ಚಿಲ್ಲದೆ ರಿಪೇರಿ ಮಾಡಿಕೊಡಬೇಕು, ಇಲ್ಲವೇ ಬದಲಿಸಿಕೊಡಬೇಕು, ಇಲ್ಲವೇ ಹಣ ವಾಪಸ್ ಕೊಡಬೇಕು. ಸ್ವಯಂ ಪ್ರಮಾಣೀಕರಣ ಅಂದ ಕೂಡಲೇ ಸಂಶಯ ಬರುವುದು ಸಹಜ. ಓವನ್‌ಗಳ ಮಟ್ಟಿಗೆ ಈ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡಿದೆ ಎಂಬುದು ನನ್ನ ಅಭಿಪ್ರಾಯ. ಕಾರಣ ಬಾಗಿಲಿನಲ್ಲಿದೆ.

1971ರ ಅಕ್ಟೋಬರ್ ನಂತರ ತಯಾರಾದ ಓವನ್‌ಗಳಿಗೆ ಅಲ್ಲಿ ಎರಡು ಮಿತಿಗಳಿವೆ. ಅಂಗಡಿಯಿಂದ ಹೊರಡುವ ಮುನ್ನ, ಮೇಲ್ಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಅಳೆದಾಗ ಸೋರಿಕೆ ಚದರ ಸೆಂಟಿಮೀಟರಿಗೆ 1 ಮಿಲಿವ್ಯಾಟ್ ಮೀರಬಾರದು. ಆಮೇಲೆ ಅದು ಬದುಕಿರುವಷ್ಟು ಕಾಲವೂ 5 ಮಿಲಿವ್ಯಾಟ್ ಮೀರಬಾರದು. ಬಾಗಿಲು ಸವೆಯುತ್ತದೆ, ಹಿಂಜ್ ಸಡಿಲವಾಗುತ್ತದೆ, ಅಂಚಿನಲ್ಲಿ ಜಿಡ್ಡು ಕೂರುತ್ತದೆ ಎಂಬುದನ್ನು ನಿಯಮ ಬರೆದವರು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ನನಗೆ ಈ ನಿಯಮದ ಮೇಲೆ ಗೌರವ ಮೂಡಿದ್ದು ಇದರಿಂದಲೇ. ಅಳೆಯುವಾಗ ಒಳಗೆ ಇಡುವುದು ಬೀಕರ್‌ನಲ್ಲಿ 275 ಮಿಲಿಲೀಟರ್ ಕೊಳಾಯಿ ನೀರು ಅಷ್ಟೇ. ದೂರ ಹೆಚ್ಚಿದಂತೆ ಸೋರಿಕೆಯ ಪ್ರಮಾಣ ಬೇಗ ಕುಸಿಯುತ್ತದೆ: 5 ಸೆಂಟಿಮೀಟರಿನಲ್ಲಿ ಸಿಕ್ಕಿದ್ದರ ಸುಮಾರು ನೂರನೇ ಒಂದು ಭಾಗ ಮಾತ್ರ 50 ಸೆಂಟಿಮೀಟರಿನಲ್ಲಿ ಉಳಿಯುತ್ತದೆ. ಹಾಗಾಗಿ ಮಗಳನ್ನು ಒಂದು ಹೆಜ್ಜೆ ಹಿಂದೆ ನಿಲ್ಲಿಸಿದರೂ ದೊಡ್ಡ ವ್ಯತ್ಯಾಸ. ಇದು ಎಕ್ಸ್‌ರೇಯಂಥ ವಿಕಿರಣವೂ ಅಲ್ಲ. ದೇಹದ ನೀರಿನಂಶವನ್ನು ಬಿಸಿ ಮಾಡಬಲ್ಲದು, ಅದರ ಅಪಾಯವೂ ಆ ಬಿಸಿಯೇ. ರಕ್ತಸಂಚಾರ ಕಡಿಮೆ ಇರುವ ಕಣ್ಣಿನ ಮಸೂರದಂಥ ಭಾಗಗಳಿಗೆ ಆ ಬಿಸಿಯನ್ನು ಸಾಗಹಾಕಲು ಕಷ್ಟ.

ಮಿತಿಗಿಂತ ಮುಖ್ಯವಾದದ್ದು ಸ್ವಿಚ್‌ಗಳು. ಬಾಗಿಲು ತೆರೆದ ಕ್ಷಣ ಮೈಕ್ರೋವೇವ್ ಹುಟ್ಟಿಸುವ ಭಾಗವಾದ ಮ್ಯಾಗ್ನೆಟ್ರಾನ್ ನಿಲ್ಲಲೇಬೇಕು, ಅದಕ್ಕಾಗಿ ಒಂದನ್ನೊಂದು ಅವಲಂಬಿಸದ ಎರಡು ಇಂಟರ್‌ಲಾಕ್ ಸ್ವಿಚ್ ಕಡ್ಡಾಯ. ಒಂದಾದರೂ ಕೈಗೆ ಸಿಗದಂತೆ ಒಳಗೆ ಅಡಗಿರಬೇಕು. ಅವು ಕೆಟ್ಟರೆ ಓವನ್ನನ್ನೇ ನಿಷ್ಕ್ರಿಯಗೊಳಿಸುವ ಕಾವಲು ವ್ಯವಸ್ಥೆಯೂ ಬೇಕು. ಬಹಳಷ್ಟು ಮಾದರಿಗಳಲ್ಲಿ ಈ ಕಾವಲು ಸ್ವಿಚ್ ಬೇಕೆಂದೇ ಶಾರ್ಟ್ ಮಾಡಿ ಫ್ಯೂಸ್ ಹಾರಿಸುತ್ತದೆ. ಬಾಗಿಲು ತೆರೆದಾಗಲೆಲ್ಲ ಫ್ಯೂಸ್ ಹೋಗುವ ಓವನ್ ತನ್ನ ಇಂಟರ್‌ಲಾಕ್ ಕೆಟ್ಟಿದೆ ಎಂದು ಹೇಳುತ್ತಿದೆ. ಫ್ಯೂಸ್ ಬದಲು ತಂತಿ ಸುತ್ತುವುದು, ಕಾವಲು ಸ್ವಿಚ್ಚನ್ನು ಕಿತ್ತು ಬಿಡುವುದು ರಿಪೇರಿ ಅಲ್ಲ, ಅಪರಾಧ ಎಂದೇ ನಾನು ಹೇಳುತ್ತೇನೆ. ಯಾರೋ ಬಿಟ್ಟುಹೋದ ಓವನ್‌ನಲ್ಲಿ ನನಗೆ ಭಯ ಇರುವುದು ಇದೊಂದೇ: ಅದನ್ನು ಹಿಂದೆ ಯಾರು ಬಿಚ್ಚಿದ್ದರು? ನೀವಾಗಿ ಬಿಚ್ಚಿ ನೋಡಲು ಹೋಗಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ, ಪ್ಲಗ್ ಕಿತ್ತ ಮೇಲೂ, ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಹೊರಗಿನಿಂದ ನೋಡಬೇಕಾದದ್ದು ಇವು: ಬಾಗಿಲು ಓರೆಯಾಗಿದೆಯೇ, ಹಿಂಜ್ ಅಲ್ಲಾಡುತ್ತದೆಯೇ, ಅಂಚಿನ ಸೀಲ್ ಒಡೆದಿದೆಯೇ ಅಥವಾ ಸುಟ್ಟಿದೆಯೇ, ಬಾಗಿಲಿನ ಒಳಗಿರುವ ರಂಧ್ರದ ಲೋಹದ ಜಾಲರಿಗೆ ಪೆಟ್ಟಾಗಿದೆಯೇ, ಕವಚದ ಸ್ಕ್ರೂಗಳಲ್ಲಿ ಬಿಚ್ಚಿದ ಗುರುತಿದೆಯೇ. ಇವುಗಳಲ್ಲಿ ಒಂದಿದ್ದರೂ ಎಸೆಯಿರಿ. ಫೋನನ್ನು ಒಳಗಿಟ್ಟು ಕರೆ ಮಾಡಿ, ರಿಂಗ್ ಆದರೆ ಸೋರುತ್ತಿದೆ ಎನ್ನುವ ವೀಡಿಯೊಗಳನ್ನು ನಂಬಬೇಡಿ. ಅತಿ ಕ್ಷೀಣ ಸಂಕೇತವನ್ನೂ ಹಿಡಿಯಲೆಂದೇ ಫೋನ್ ತಯಾರಾಗಿರುವುದು, ಮೇಲಾಗಿ ಅದರ ತರಂಗಾಂತರವೂ ಸಾಮಾನ್ಯವಾಗಿ ಬೇರೆ.

ಸರ್ಕಾರ ಈ ವಿಷಯಕ್ಕೆ ಇಳಿದದ್ದೇ ಓವನ್‌ಗಾಗಿ ಅಲ್ಲ, ಟಿವಿಗಾಗಿ. 1967ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ದೊಡ್ಡ ಕಲರ್ ಟಿವಿಗಳು ಮಿತಿಮೀರಿ ಎಕ್ಸ್‌ರೇ ಹೊರಸೂಸುತ್ತಿದ್ದದ್ದು ಬಯಲಾಯಿತು. ಒಳಗಿನ ಹೈ ವೋಲ್ಟೇಜ್ ಹದ್ದಿನಲ್ಲಿಡುವ ಒಂದು ಟ್ಯೂಬಿನಲ್ಲಿದ್ದ ದೋಷ ಅದಕ್ಕೆ ಕಾರಣ. ಕಿರಣಗಳು ಹೆಚ್ಚಾಗಿ ಕೆಳಮುಖವಾಗಿ ಸೋರುತ್ತಿದ್ದವು. ಆರು ಅಡಿ ದೂರ ಕುಳಿತು ನೋಡಿ ಎಂದು ಆರೋಗ್ಯಾಧಿಕಾರಿಗಳು ಹೇಳಬೇಕಾಯಿತು. ಮರುವರ್ಷ, 1968ರ ಅಕ್ಟೋಬರ್ 18ರಂದು, ಅಧ್ಯಕ್ಷ ಜಾನ್ಸನ್ ಸಹಿಯೊಂದಿಗೆ ಕಾನೂನು ಬಂತು. ಟಿವಿ, ಓವನ್, ಲೇಸರ್, ವಿಮಾನ ನಿಲ್ದಾಣದ ಬ್ಯಾಗ್ ಸ್ಕ್ಯಾನರ್, ಫಿಸಿಯೋಥೆರಪಿಯ ಅಲ್ಟ್ರಾಸೌಂಡ್ ಯಂತ್ರ ಎಲ್ಲವೂ ಅದರ ತೆಕ್ಕೆಗೆ ಬಂದವು. ಶಬ್ದತರಂಗವನ್ನೂ ಆ ಕಾನೂನು ವಿಕಿರಣದ ವ್ಯಾಖ್ಯೆಯೊಳಗೆ ಸೇರಿಸಿದೆ.

ಇದೇ ಕಾನೂನು ಸೋತಿರುವ ಜಾಗವನ್ನೂ ಹೇಳಬೇಕು, ಏಕೆಂದರೆ ಮಗುವಿರುವ ಮನೆಗೆ ಅದು ಓವನ್‌ಗಿಂತ ಹತ್ತಿರದ ಅಪಾಯ. ಲೇಸರ್ ಪಾಯಿಂಟರ್‌ಗೆ ಅಲ್ಲಿ 5 ಮಿಲಿವ್ಯಾಟ್ ಮಿತಿ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 122 ಪಾಯಿಂಟರ್‌ಗಳನ್ನು ಅಳೆದು 2013ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಹಸಿರು ಬಣ್ಣದವುಗಳಲ್ಲಿ ಶೇಕಡಾ 90ರಷ್ಟು, ಕೆಂಪಿನಲ್ಲಿ ಶೇಕಡಾ 44ರಷ್ಟು ನಿಯಮ ಮೀರಿದ್ದವು. ಹಸಿರು ಪಾಯಿಂಟರ್ ಒಳಗೆ ಮೊದಲು ಹುಟ್ಟುವುದು ಕಣ್ಣಿಗೆ ಕಾಣದ ಅವಗೆಂಪು ಕಿರಣ. ಅದನ್ನು ತಡೆಯುವ ಫಿಲ್ಟರ್ ಹಾಕದೆ ದುಡ್ಡು ಉಳಿಸುವವರಿದ್ದಾರೆ. ಕಾಣದ ಬೆಳಕಿಗೆ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಓವನ್ ಕಂಪನಿಗಳಿಗೆ ವಿಳಾಸ ಇದೆ, ಹೆಸರು ಕೆಡುವ ಭಯ ಇದೆ. ಹೆಸರಿಲ್ಲದ ಪಾಯಿಂಟರ್ ಮಾರುವವನನ್ನು ಹಿಡಿಯುವುದು ಎಲ್ಲಿ? ಸ್ವಯಂ ಪ್ರಮಾಣೀಕರಣ ಕುಸಿಯುವುದು ಅಲ್ಲಿ. ಮಗಳ ಆಟಿಕೆಗಳ ನಡುವೆ ಅಂಥದ್ದೇನಾದರೂ ಇದ್ದರೆ ಇವತ್ತೇ ತೆಗೆದುಬಿಡಿ.

ಊರಿನಿಂದ ಓವನ್ ತಂದುಕೊಳ್ಳಬಹುದೇ ಎಂದೂ ಕೇಳಿದ್ದೀರಿ. ವೋಲ್ಟೇಜ್ ಹೊಂದುವುದಿಲ್ಲ, ತರಬೇಡಿ. ಸುರಕ್ಷತೆಯ ಮಾತಾದರೆ, ಇಲ್ಲಿ ಅಂಥ ಒಂದೇ ಕಾನೂನಿಲ್ಲ, ಹಂಚಿಹೋಗಿದೆ. ಎಕ್ಸ್‌ರೇ ಯಂತ್ರಗಳನ್ನು 1983ರಲ್ಲಿ ಆರಂಭವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನೋಡುತ್ತದೆ. ಓವನ್‌ಗೆ ಭಾರತದ ಮಾನದಂಡ ಸಂಸ್ಥೆ ಬಿಐಎಸ್‌ನ ನೋಂದಣಿ ಬೇಕು, ಮಾನದಂಡ ಐಎಸ್ 302ರ ಸರಣಿಯದು. ಫೋನ್‌ನಿಂದ ದೇಹ ಹೀರಿಕೊಳ್ಳುವ ಶಕ್ತಿಗೆ ದೂರಸಂಪರ್ಕ ಇಲಾಖೆ 2012ರಲ್ಲಿ ಜಾರಿಗೆ ತಂದ ಮಿತಿ, ದೇಹದ ಅಂಗಾಂಶದ ಕಿಲೋಗ್ರಾಂಗೆ 1.6 ವ್ಯಾಟ್, ಅಮೆರಿಕದಲ್ಲಿರುವಷ್ಟೇ.

ಬಾಗಿಲಿನ ಅಂಚು ಮತ್ತು ಹಿಂಜಿನ ಫೋಟೋ ಹಾಕಿದರೆ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಓವನ್ ಓಡುವಾಗ ಮಗಳನ್ನು ಒಂದು ಕೈ ಅಳತೆಯಷ್ಟು ಹಿಂದೆ ನಿಲ್ಲಿಸಿ.