ಸ್ಪೇನ್‌ನಲ್ಲಿ ದಿನಕ್ಕೆ 120 ಕಿ.ಮೀ., ಆರು ಹಳ್ಳಿ: ಬೇಡ ಅಂತೀನಿ

ಬೆಂಗಳೂರಿನಿಂದ ಸ್ಪೇನ್‌ಗೆ ಸೈಕಲ್ ಹೊಡೆಯೋಕೆ ಹೋಗುತ್ತಿದ್ದೀರಿ. ಕೈಯಲ್ಲಿ ನಾಲ್ಕು ದಿನ, ಆಗಸ್ಟ್ ಮೊದಲ ವಾರ, ದಿನಕ್ಕೆ 120 ಕಿ.ಮೀ. ಹಳೆಯ ಹಳ್ಳಿಗಳು ಜಾಸ್ತಿ ಸಿಗೋದು ದಕ್ಷಿಣದ ರೋಂಡಾ ಕಡೆಗೋ ಈಶಾನ್ಯದ ಜಿರೋನಾ ಕಡೆಗೋ ಅಂತ ಕೇಳಿದ್ದೀರಿ. ಓದಿ ನಗು ಬಂತು. 2018ರಲ್ಲಿ ನನ್ನ ಪ್ಲ್ಯಾನ್ ಕೂಡ ಇದೇ. ತಿಂಗಳು ಮಾತ್ರ ಜುಲೈ.

ಆಗ ನಾನು 200 ಕಿ.ಮೀ. ಬ್ರೆವೆ, ಅಂದರೆ ಗೊತ್ತಾದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಎರಡು ಸಲ ಮುಗಿಸಿದ್ದೆ. ಭಾನುವಾರ ಬಂದರೆ ನಂದಿ ಬೆಟ್ಟ. ಹಾಗಾಗಿ ನೂರು ಚಿಲ್ಲರೆ ಕಿ.ಮೀ. ಅಂದರೆ ಸುಮ್ನೆ ಒಂದು ರೌಂಡು ಅನ್ನೋ ಧಿಮಾಕು. ರೋಂಡಾದಲ್ಲಿ ರೂಮು ಹಿಡಿದೆ, ಸೈಕಲ್ ಬಾಡಿಗೆಗೆ ತೆಗೆದುಕೊಂಡೆ. ರೋಂಡಾದಿಂದ ಸೆತೆನಿಲ್, ಅಲ್ಲಿಂದ ಓಲ್ವೆರಾ, ಅಲ್ಗೊದೊನಾಲೆಸ್ ಪಕ್ಕದಿಂದ ಜಹಾರಾ, ಪಾಲೋಮಾಸ್ ಘಾಟಿ ಹತ್ತಿ ಗ್ರಸಲೆಮಾ, ಮತ್ತೆ ರೋಂಡಾ. ಹೆಚ್ಚುಕಡಿಮೆ 110 ಕಿ.ಮೀ. ಸುತ್ತು. ಎಲ್ಲ ಸುಣ್ಣ ಬಳಿದ ಬಿಳಿ ಊರುಗಳು. (ಜಹಾರಾ ಅಂತ ನಾನು ಬರೆದ ಹಾಗೆ ಅಲ್ಲಿ ಕೇಳಬೇಡಿ. ಆ ‘ಹ’ ಅವರ ಬಾಯಲ್ಲಿ ಬರುವುದೇ ಇಲ್ಲ.)

ಹೋಟೆಲ್ ತಿಂಡಿಗೆ ದುಡ್ಡು ಕೊಟ್ಟಾಗಿದೆ, ಬಿಡೋದ್ಯಾಕೆ ಅಂತ ಕೂತು ತಿಂದೆ. ಹೊರಟಾಗ ಒಂಬತ್ತೂವರೆ. ಸೆತೆನಿಲ್‌ವರೆಗೆ ಹೆಚ್ಚಿನದು ಇಳಿಜಾರು, ಗಾಳಿ ತಂಪಾಗಿತ್ತು. ಆ ಊರಲ್ಲಿ ಮನೆಗಳ ಮೇಲೆ ಚಾವಣಿಯೇ ಬಂಡೆ. ಬೀದಿಯ ಮೇಲೆ ಇಡೀ ಗುಡ್ಡ ಬಾಗಿ ನಿಂತಿದೆ, ಕೆಳಗೆ ಬಾರುಗಳು. (ಅಲ್ಲಿ ಬಾರು ಅಂದರೆ ಕಾಫಿ, ತಿಂಡಿ, ಊಟ ಎಲ್ಲ ಸಿಗುವ ಜಾಗ.) ಫೋಟೋ, ಕಾಫಿ, ಇನ್ನೊಂದು ಫೋಟೋ ಅಂತ ಹನ್ನೆರಡು ಗಂಟೆ ಆಯಿತು. ಮುಂದೆ ಒಂದು ಪಂಕ್ಚರ್. ಓಲ್ವೆರಾ ಸೇರಿದಾಗ ಎರಡು ಗಂಟೆ ಹತ್ತು ನಿಮಿಷ.

ಆ ಹತ್ತು ನಿಮಿಷದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ದಿನಸಿ ಅಂಗಡಿಯ ಶಟರ್ ಎರಡಕ್ಕೆ ಕೆಳಗೆ ಬಂದಿತ್ತು. ಅಲ್ಲಿನ ಸಣ್ಣ ಊರುಗಳಲ್ಲಿ ಎರಡರಿಂದ ಐದರವರೆಗೆ ಅಂಗಡಿ ಮುಚ್ಚುತ್ತಾರೆ. ಅವತ್ತು ಭಾನುವಾರ ಬೇರೆ, ಸಂಜೆಯೂ ತೆಗೆಯುವುದಿಲ್ಲ. ಬಾರು ಮಾತ್ರ ತೆರೆದಿತ್ತು. ಒಳಗೆ ಅಜ್ಜ, ಅಜ್ಜಿ, ಮೊಮ್ಮಕ್ಕಳು, ಹೊಸ ಬಟ್ಟೆ ಹಾಕಿಕೊಂಡು ಭಾನುವಾರದ ಊಟಕ್ಕೆ ಕೂತ ಕುಟುಂಬಗಳು. ನಾನು ಬೆವರಿನಲ್ಲಿ ನೆಂದ ಬಿಗಿ ಬಟ್ಟೆಯಲ್ಲಿ ಬಾಗಿಲಲ್ಲಿ ನಿಂತೆ. ನಾಚಿಕೆ ಆಯಿತು. ಸಸ್ಯಾಹಾರ ಬೇಕು ಅಂತ ಆ ಗದ್ದಲದಲ್ಲಿ ಹೇಗೆ ಹೇಳಲಿ ಅನ್ನೋ ಅಳುಕೂ ಇತ್ತು. ‘ಮುಂದಿನ ಊರಲ್ಲಿ ತಿಂದರಾಯ್ತು’ ಅಂದುಕೊಂಡೆ. ಬಾಟಲಿ ಕೂಡ ತುಂಬಿಸದೆ ಹೊರಟೆ.

ನನ್ನನ್ನು ಕೆಡವಿದ್ದು ಈ ಒಂದು ಮಾತು. ಇದು ಎಲ್ಲಿಂದ ಬಂತು ನೋಡಿ. ನಮ್ಮ ಕಡೆ ಸೈಕಲ್ ಹೊಡೆಯುವವರಿಗೆ ಮುಂದಿನ ಊರು ಯಾವತ್ತೂ ಕೈಬಿಡುವುದಿಲ್ಲ. ಚಿಂತಾಮಣಿ ರಸ್ತೆಯಲ್ಲಿ ಮಧ್ಯಾಹ್ನ ಮೂರಕ್ಕೆ ಹೋಗಿ, ಎಳನೀರಿನವರು ಮರದ ಕೆಳಗೆ ಇರುತ್ತಾರೆ. ಬೆಳಗಿನ ನಾಲ್ಕಕ್ಕೆ ಹೋಗಿ, ಯಾವುದೋ ಗೂಡಂಗಡಿಯಲ್ಲಿ ಟೀ ಕುದಿಯುತ್ತಿರುತ್ತದೆ. ಹಸಿವಾದಾಗ ನಿಲ್ಲುವುದು, ಇದೇ ನಮ್ಮ ಅಭ್ಯಾಸ. ಅಲ್ಲಿ ಊಟ ಸಿಗುವುದು ಹಸಿವು ನೋಡಿ ಅಲ್ಲ, ಗಡಿಯಾರ ನೋಡಿ. ಊಟದ ಹೊತ್ತು ಒಂದೂವರೆಯಿಂದ ನಾಲ್ಕು. ಆಮೇಲೆ ಅಡುಗೆಮನೆ ಮುಚ್ಚಿದರೆ ರಾತ್ರಿ ಎಂಟೂವರೆಗೋ ಒಂಬತ್ತಕ್ಕೋ ತೆಗೆಯುವುದು.

ಇನ್ನೊಂದು, ರಸ್ತೆ. ಮ್ಯಾಪಿನಲ್ಲಿ ಗೆರೆ ಊರಿನ ಚುಕ್ಕೆ ಮುಟ್ಟಿಕೊಂಡು ಹೋಗುತ್ತೆ, ನಿಜ. ಆದರೆ ರಸ್ತೆ ಇರುವುದು ಕೆಳಗೆ, ಊರು ಮೇಲೆ. ಈ ಊರುಗಳು ಗಡಿಯ ಊರುಗಳು. ಒಂದು ಕಡೆ ಕಾಸ್ಟೀಲಿನ ಕ್ರೈಸ್ತ ರಾಜರು, ಇನ್ನೊಂದು ಕಡೆ ಗ್ರನಾಡಾದ ಸುಲ್ತಾನರು. ಆ ಕಡೆಯ ಹಲವು ಊರುಗಳ ಹೆಸರಿನ ಕೊನೆಗೆ ‘ದೆ ಲಾ ಫ್ರೊಂತೆರಾ’ ಅಂತ ಇರುವುದು ಅದಕ್ಕೇ, ಗಡಿಯ ಊರು ಅಂತ ಅರ್ಥ. 1481ರ ಕೊನೆಗೆ ಗ್ರನಾಡಾದವರು ಜಹಾರಾವನ್ನು ಹಿಡಿದರು, ಅದೇ ನೆಪವಾಗಿ ಶುರುವಾದ ಯುದ್ಧ 1492ರಲ್ಲಿ ಗ್ರನಾಡಾ ಬಿದ್ದ ಮೇಲೆ ಮುಗಿಯಿತು. ಅಂಥ ಜಾಗದಲ್ಲಿ ಯಾರು ತಾನೆ ತಗ್ಗಿನಲ್ಲಿ ಮನೆ ಕಟ್ಟುತ್ತಾರೆ? ನಮ್ಮ ಚಿತ್ರದುರ್ಗದ ಕೋಟೆಯೊಳಗೆ ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ ಅಂದುಕೊಳ್ಳಿ, ಹಾಗೆ. ಇಲ್ಲಿ ಹಳೆಯ ಊರು ಅಂದರೆ ಏರು ಅಂತಲೇ ಅರ್ಥ. ಪ್ರತಿ ಊರೂ ರೂಟ್‌ನಲ್ಲಿ ಕಾಣದ ಒಂದು ಗುಡ್ಡ.

ಅಲ್ಗೊದೊನಾಲೆಸ್ ಬಂದಾಗ ಆ ಗುಡ್ಡ ಹತ್ತುವ ಮನಸ್ಸಾಗಲಿಲ್ಲ. ಪಕ್ಕದಿಂದ ಹೋದೆ. ಊರೊಳಗೆ ಕುಡಿಯುವ ನೀರಿನ ಕಲ್ಲಿನ ತೊಟ್ಟಿಗಳು ಹಲವು ಇವೆ ಅಂತ ಆಮೇಲೆ ತಿಳಿಯಿತು! ಜಹಾರಾದಲ್ಲೂ ಅದೇ ಕಥೆ. ಕೆಳಗೆ ಪಚ್ಚೆ ಬಣ್ಣದ ಜಲಾಶಯ, ಮೇಲೆ ಬಂಡೆಯ ತುದಿಗೆ ಕೋಟೆಯ ಗೋಪುರ, ನಡುವೆ ಊರು. ‘ಗ್ರಸಲೆಮಾದಲ್ಲಿ ತಿಂದರಾಯ್ತು.’

ಗಂಟೆ ನಾಲ್ಕೂಕಾಲು. ಇನ್ನೇನು ಬಿಸಿಲು ಇಳಿಯುತ್ತೆ ಅಂದುಕೊಂಡಿದ್ದೆ. ಇದು ತಪ್ಪಿನ ಇನ್ನೊಂದು ಅರ್ಧ. ಸ್ಪೇನ್ 1940ರಲ್ಲಿ ತನ್ನ ಗಡಿಯಾರವನ್ನು ಮಧ್ಯ ಯುರೋಪಿನ ಹೊತ್ತಿಗೆ ತಿರುಗಿಸಿಕೊಂಡಿತು, ಇವತ್ತಿಗೂ ಹಾಗೇ ಇದೆ. ಬೇಸಿಗೆಯಲ್ಲಿ ಅದರ ಮೇಲೆ ಇನ್ನೊಂದು ಗಂಟೆ ಮುಂದೆ. ಹಾಗಾಗಿ ರೋಂಡಾ ಕಡೆ ಜುಲೈನಲ್ಲಿ ಸೂರ್ಯ ನೆತ್ತಿಗೆ ಬರುವುದು ಹತ್ತಿರಹತ್ತಿರ ಎರಡೂವರೆಗೆ. ಸುಡು ಬಿಸಿಲು ಐದರ ಸುಮಾರಿಗೆ. ನಮ್ಮ ಲೆಕ್ಕದ ‘ಸಂಜೆ ನಾಲ್ಕು’ ಅಲ್ಲಿ ನಡು ಮಧ್ಯಾಹ್ನ. ಓಲ್ವೆರಾದ ಔಷಧಿ ಅಂಗಡಿಯ ಹಸಿರು ಫಲಕ ಆಗಲೇ 39 ಡಿಗ್ರಿ ತೋರಿಸಿತ್ತು.

ಪಾಲೋಮಾಸ್ ಅಂದರೆ ಪಾರಿವಾಳಗಳು. ಏರು ಸುಮಾರು 12 ಕಿ.ಮೀ., ಸರಾಸರಿ ಶೇ. 7ರ ಹತ್ತಿರ. ನಂದಿಗಿಂತ ಉದ್ದ, ನಡುವೆ ಒಂದು ಅಂಗಡಿ ಇಲ್ಲ. ನನ್ನ ಬಳಿ ಅರ್ಧ ಬಾಟಲಿ ಬಿಸಿ ನೀರು, ಒಂದು ಬಾಳೆಹಣ್ಣಿನ ಸಿಪ್ಪೆ. ಊರಿಂದ ತಂದ ಶೇಂಗಾ ಚಿಕ್ಕಿ ಹೋಟೆಲ್ ರೂಮಿನ ಬ್ಯಾಗಿನಲ್ಲಿ. ಅರ್ಧ ದಾರಿ ಹತ್ತಿದ ಮೇಲೆ ಬೆವರು ನಿಂತಿತು. ಖುಷಿಯಾಯಿತು, ತಂಪಾಗ್ತಿದೆ ಅಂತ! ಆಮೇಲೆ ಎರಡೂ ಮೀನಖಂಡ ಒಟ್ಟಿಗೆ ಹಿಡಿದುಕೊಂಡವು. ಶೂವನ್ನು ಪೆಡಲ್ಲಿಗೆ ಕಚ್ಚಿಸುವ ಕ್ಲೀಟ್ ಬಿಡಿಸಲು ಆಗಲಿಲ್ಲ. ನಿಂತ ಜಾಗದಲ್ಲೇ ಮರ ಬಿದ್ದ ಹಾಗೆ ಪಕ್ಕಕ್ಕೆ ಬಿದ್ದೆ. ಆಕಾಶದಲ್ಲಿ ಪಾರಿವಾಳ ಒಂದೂ ಇರಲಿಲ್ಲ. ರಣಹದ್ದುಗಳು ಸುತ್ತುತ್ತಿದ್ದವು.

ಎಷ್ಟು ಹೊತ್ತಿಗೋ ಒಂದು ಬಿಳಿ ವ್ಯಾನು ಬಂತು. ವಯಸ್ಸಾದ ರೈತ, ಪಕ್ಕದ ಸೀಟಿನಲ್ಲಿ ನಾಯಿ. ಅವರು ಏನೇನೋ ಬೈದರು, ಬೈಗುಳ ಅಂತ ಧ್ವನಿಯಲ್ಲೇ ಗೊತ್ತಾಯಿತು. ನನ್ನ ತಲೆಗೆ ನೀರು ಸುರಿದು, ಸೈಕಲ್ಲನ್ನು ಮೇವಿನ ಚೀಲಗಳ ಮೇಲೆ ಎಸೆದು, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಂದು ಬಿಟ್ಟರು. ನಾಯಿಯನ್ನು ಹಿಂದಕ್ಕೆ ಕಳಿಸಿ ನನಗೆ ಸೀಟು ಕೊಟ್ಟಿದ್ದರು. ಅಲ್ಲಿ ಡ್ರಿಪ್ ಹಾಕಿದರು. ಬಿದ್ದ ರಭಸಕ್ಕೆ ಹಿಂದಿನ ಗೇರನ್ನು ಹಿಡಿದಿಡುವ ಹ್ಯಾಂಗರ್ ಬಗ್ಗಿತ್ತು, ಅದರ ದುಡ್ಡು ಬೇರೆ. ಉಳಿದ ಮೂರು ದಿನ ರೋಂಡಾದಲ್ಲಿ ಗಂಜಿಯಂಥದ್ದು ಏನಾದರೂ ಸಿಗುತ್ತಾ ಅಂತ ಹುಡುಕಿಕೊಂಡು ಓಡಾಡಿದೆ. ಕಮರಿಯ ಮೇಲಿನ 1793ರ ಸೇತುವೆಯನ್ನು ಎಲ್ಲ ಕೋನದಿಂದ ನೋಡಿದ್ದೇನೆ, ಬೇಕಾದರೆ ಕೇಳಿ.

ಈಗ ನಿಮ್ಮ ಪ್ರಶ್ನೆ. ರೋಂಡಾನಾ, ಜಿರೋನಾನಾ? ಆಗಸ್ಟ್‌ನಲ್ಲಿ ರೋಂಡಾ ಬೇಡವೇ ಬೇಡ. ರಜೆ ಬದಲಾಗಲ್ಲ ಅಂದರೆ ಉತ್ತರದ ಆಸ್ಟೂರಿಯಾಸ್ ಕಡೆ ಹೋಗಿ, ಅಲ್ಲಿ ಹಸಿರಿದೆ, ಮಳೆಯೂ ಇದೆ, ನಮ್ಮ ಮಲೆನಾಡಿನವರಿಗೆ ಹಿಡಿಸುತ್ತೆ. ಜಿರೋನಾ ಬಗ್ಗೆ ನನಗೆ ಅಂಥ ಉತ್ಸಾಹ ಇಲ್ಲ. ವೃತ್ತಿಪರ ರೇಸರ್‌ಗಳು ಮನೆ ಮಾಡಿಕೊಂಡಿರುವ ಊರು, ಪ್ರತಿ ಕೆಫೆಯಲ್ಲೂ ಕಾರ್ಬನ್ ಸೈಕಲ್. ಬೆಸಾಲೂವಿನ ಡೊಂಕು ಸೇತುವೆ ಚೆನ್ನಾಗಿದೆ, ರೊಕಾಕೊರ್ಬಾ ಏರು ಕಾಲು ಮುರಿಯುತ್ತೆ, ಅಷ್ಟೇ. ಹಳ್ಳಿ ಬೇಕು ಅಂದರೆ ರೋಂಡಾ ಕಡೆಯೇ ಸರಿ, ಆದರೆ ಏಪ್ರಿಲ್–ಮೇ ಇಲ್ಲವೇ ಅಕ್ಟೋಬರ್.

‘ಯಾವ ರೂಟಿನಲ್ಲಿ ಜಾಸ್ತಿ ಹಳ್ಳಿ’ ಅನ್ನೋ ಲೆಕ್ಕವನ್ನೇ ಬಿಡಿ. 120 ಕಿ.ಮೀ.ಯಲ್ಲಿ ಆರು ಊರು ಹಾಕಿಕೊಂಡರೆ ಆರನ್ನೂ ಕೆಳಗಿನಿಂದ ನೋಡುತ್ತೀರಿ. 60 ಕಿ.ಮೀ., ಎರಡು ಊರು. ಎರಡಕ್ಕೂ ಹತ್ತಿ ಒಳಗೆ ಹೋಗಿ, ಚೌಕದಲ್ಲಿ ಕೂರಿ. ಬೆಳಕು ಹರಿಯುವಾಗಲೇ ಹೊರಡಿ, ಹೋಟೆಲ್ ತಿಂಡಿ ಹಾಳಾಗಿ ಹೋಗಲಿ. ಊರಿನ ಬಾರು ಬೆಳಿಗ್ಗೆ ಬೇಗ ತೆಗೆಯುತ್ತೆ. ಸುಟ್ಟ ಬ್ರೆಡ್ಡಿನ ಮೇಲೆ ತುರಿದ ಟೊಮೇಟೊ, ಆಲಿವ್ ಎಣ್ಣೆ, ಉಪ್ಪು. ಸಸ್ಯಾಹಾರಿಗೆ ಅದಕ್ಕಿಂತ ಒಳ್ಳೆಯದು ಇಡೀ ದಿನ ಸಿಗಲ್ಲ. ಮಧ್ಯಾಹ್ನ ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ, ಅಂತ ನಾನು ಹೇಳಿದಾಗ ಹಂದಿಯ ಹ್ಯಾಮ್ ಚೂರು ಉದುರಿಸಿ ತಂದುಕೊಟ್ಟರು. ಅವರ ಲೆಕ್ಕದಲ್ಲಿ ಅದು ಮಾಂಸ ಅಲ್ಲ. ಮೊಟ್ಟೆ ತಿನ್ನುವವರಾದರೆ ತೊರ್ತಿಯಾ, ಅಂದರೆ ಆಲೂಗಡ್ಡೆಯ ಆಮ್ಲೆಟ್, ಕೇಳಿ. ಎರಡರೊಳಗೆ ಸೈಕಲ್ ಗೋಡೆಗೆ ಒರಗಿರಬೇಕು, ನೀವು ಊಟಕ್ಕೆ ಕೂತಿರಬೇಕು. ಬಿಗಿ ಬಟ್ಟೆ ನೋಡಿ ಯಾರೂ ಏನೂ ಅನ್ನಲ್ಲ. ಮರುವರ್ಷ ಅಕ್ಟೋಬರ್‌ನಲ್ಲಿ ಹೋದಾಗ ಅದೇ ಓಲ್ವೆರಾ ಬಾರಿನಲ್ಲಿ ನನ್ನ ಹೆಲ್ಮೆಟ್ಟಿಗೆ ಒಂದು ಕುರ್ಚಿ ಕೊಟ್ಟರು.

ಚಿಲ್ಲರೆ ವಿಷಯಗಳು: ಬಾಡಿಗೆ ಸೈಕಲ್ಲಿಗೆ ಹಿಂದೆ 32 ಹಲ್ಲಿನ ಗೇರು ಇದೆಯಾ ಕೇಳಿ, ಏರಿಗೆ ಹಗುರ. ಊರ ಹೊರಗೆ ಹೆಲ್ಮೆಟ್ ಕಡ್ಡಾಯ. ಬಲಗಡೆ ಓಡಿಸಬೇಕು, ಮೊದಲ ಸರ್ಕಲ್ಲಿನಲ್ಲಿ ತಲೆ ತಿರುಗುತ್ತೆ. ಕಾರಿನವರ ಭಯ ಬೇಡ. 1.5 ಮೀಟರ್ ಜಾಗ ಬಿಟ್ಟೇ ದಾಟಬೇಕು ಅಂತ ಕಾನೂನಿದೆ, ನನಗೆ ಸಿಕ್ಕವರೆಲ್ಲ ಪಾಲಿಸಿದರು. ‘ನೊ ಪೊತಾಬ್ಲೆ’ ಅಂತ ಬರೆದಿರುವ ನಲ್ಲಿಯ ನೀರು ಕುಡಿಯಬೇಡಿ. ಏರು ಸಾಕು ಅನ್ನಿಸಿದ ದಿನ ಓಲ್ವೆರಾದಿಂದ ಪುಯೆರ್ತೊ ಸೆರ್ರಾನೊವರೆಗೆ 36 ಕಿ.ಮೀ. ಹಳೆಯ ರೈಲು ದಾರಿ ಇದೆ, 30 ಸುರಂಗ. ಕಟ್ಟಿದರೂ ಅದರಲ್ಲಿ ರೈಲು ಓಡಲೇ ಇಲ್ಲ ಪಾಪ, ಈಗ ಸೈಕಲ್ಲುಗಳು ಓಡುತ್ತವೆ. ದಪ್ಪ ಟೈರು, ಲೈಟು ಇರಲಿ.

ಟಿಕೆಟ್ ಇನ್ನೂ ಮಾಡಿಸಿಲ್ಲ ಅಲ್ವಾ? ತಿಂಗಳು ಬದಲಾದರೆ ಇಲ್ಲೇ ಬರೆಯಿರಿ. ಗ್ರಸಲೆಮಾದಿಂದ ರೋಂಡಾಗೆ ಬರುವ ದಾರಿ ವಿವರವಾಗಿ ಹೇಳುತ್ತೇನೆ. ಮೊದಲ ಸಲ ಟ್ಯಾಕ್ಸಿಯ ಕಿಟಕಿಯಿಂದ ನೋಡಿದ್ದು, ಎರಡನೇ ಸಲ ಸೈಕಲ್ ಮೇಲೆ.